ಆರಾಮದ ಊರು ಎನ್ನುವ ಮುನ್ನ

ಕೋಸ್ಟರಿಕಾದ ಕೆರಿಬಿಯನ್ ದಂಡೆಯ ಲಿಮೋನ್‌ಗೆ ಹೋಗಿಬಂದವರ ಬಾಯಲ್ಲಿ ಒಂದೇ ಮಾತು: ‘ಅಲ್ಲಿ ಯಾರಿಗೂ ಅವಸರವಿಲ್ಲ.’ ತೆಂಗಿನಹಾಲಿನಲ್ಲಿ ಬೆಂದ ಅನ್ನ, ಕಾಳು ಉಂಡು ಕಡಲಿಗೆ ಮುಖಮಾಡಿ ಕೂತ ಪ್ರವಾಸಿಗೆ ಹಾಗನ್ನಿಸೀತು. ಆದರೆ 1870ರ ದಶಕದಿಂದ ಜಮೈಕಾದಿಂದ ಬಂದು, ಕಾಡು ಕಡಿದು ರೈಲುಹಳಿ ಹಾಸಿದವರು, ಬಾಳೆಗೊನೆ ಹೊತ್ತವರು ಈ ಊರಿನವರ ಹಿರಿಯರೇ. 1934ರಲ್ಲಿ ಬಾಳೆತೋಟದ ಕೂಲಿಗಳು ಈ ಸೀಮೆಯಲ್ಲೇ ದೊಡ್ಡ ಮುಷ್ಕರ ಹೂಡಿದರು. ಕಂಪನಿ ಪೆಸಿಫಿಕ್ ಕರಾವಳಿಗೆ ಹೊರಟಿತು. ಕಪ್ಪು ಜನರಿಗೆ ಅಲ್ಲಿ ಕೆಲಸ ಕೊಡಕೂಡದೆಂದು ಸರ್ಕಾರವೇ ಕಾನೂನು ಮಾಡಿತು. ದುಡಿಮೆ ಕಸಿದುಕೊಂಡು, ಉಳಿದ ಬಿಡುವನ್ನು ಅವರ ‘ಸ್ವಭಾವ’ ಎನ್ನುವುದು ಯಾವ ನ್ಯಾಯ? ಅವಸರವಿಲ್ಲದ್ದು ನಮಗೆ. ರಜೆಯಲ್ಲಿರುವವರು ನಾವು, ಅವರಲ್ಲ.