ಹಾಜರಿ ಪುಸ್ತಕದಲ್ಲಿ ಹೆಸರು ಉಂಟು, ಬೆಂಚಿನಲ್ಲಿ ಮಗು ಇಲ್ಲ

ಬೆಳಿಗ್ಗೆ ಕಡಬ ಪೇಟೆಯಲ್ಲಿ ಅಂಗಡಿಯ ಬಾಗಿಲು ತೆರೆಯುವವರಿಗೂ ಬಸ್ಸಿಗೆ ಕಾಯುವವರಿಗೂ ಇದು ದಿನಾ ಕಾಣುವ ನೋಟ. ಕೋಡಿಂಬಾಳದ ಕಡೆಯಿಂದ ಚೀಲ ಹೊತ್ತ ಮಕ್ಕಳ ಹಿಂಡು ಬರುತ್ತದೆ, ಗದ್ದಲ ಮಾಡುತ್ತದೆ, ಶಾಲೆ ಸೇರುತ್ತದೆ. ಈ ಹಿಂಡಿನಲ್ಲಿ ಯಾವತ್ತೂ ಕಾಣದ ಮಕ್ಕಳು ಕೆಲವರು ಉಂಟು. ಕಡಬ, ಸುಳ್ಯ, ಪುತ್ತೂರು ಮೂರೂ ತಾಲೂಕಿನ ಹಳ್ಳಿಗಳಲ್ಲಿ ಇಂಥವರಿದ್ದಾರೆ. ಹತ್ತಿರದ ಸರಕಾರಿ ಶಾಲೆಯ ದಾಖಲೆಯಲ್ಲಿ ಇವರ ಹೆಸರು ಉಂಟು. ಪಠ್ಯಪುಸ್ತಕವೂ ಇವರ ಹೆಸರಿಗೆ ಬರುತ್ತದೆ. ಮಗು ಮಾತ್ರ ಮನೆಯ ಜಗಲಿಯಲ್ಲೇ!

ಇಲಾಖೆಯ ಭಾಷೆಯಲ್ಲಿ ಇವರು ‘ಗೃಹಾಧಾರಿತ ಶಿಕ್ಷಣ’ದ ಮಕ್ಕಳು. ಕೈಕಾಲು ಸ್ವಾಧೀನವಿಲ್ಲದವರು, ಕುಳಿತುಕೊಳ್ಳಲಿಕ್ಕೂ ಇನ್ನೊಬ್ಬರ ಆಸರೆ ಬೇಕಾದವರು. ತೀವ್ರ ಅಂಗವೈಕಲ್ಯ ಇರುವ ಮಗು ಬೇಕಾದರೆ ಮನೆಯಲ್ಲೇ ಕಲಿಯಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ತಾಲೂಕಿನ ಸಂಪನ್ಮೂಲ ಶಿಕ್ಷಕರು ಮನೆಗೆ ಬಂದು ಕಲಿಸಿ ಹೋಗುವ ಏರ್ಪಾಡು. ಒಬ್ಬ ಶಿಕ್ಷಕರಿಗೆ ಎಷ್ಟು ಮನೆ, ಎಷ್ಟು ಗುಡ್ಡ ಎಂದು ಲೆಕ್ಕ ಹಾಕಿದರೆ ಅವರನ್ನು ದೂರುವ ಹಾಗಿಲ್ಲ.

ದೂರಬೇಕಾದ್ದು ಬೇರೆ. ಕಾನೂನು ಹೇಳಿದ್ದು ‘ಬೇಕಾದರೆ’ ಎಂದು. ಆಚರಣೆಯಲ್ಲಿ ಅದು ‘ಮನೆಯಲ್ಲೇ ಇರಲಿ’ ಎಂದಾಗಿಬಿಟ್ಟಿದೆ. ಒಮ್ಮೆ ಫಾರ್ಮಿಗೆ ಸಹಿ ಬಿತ್ತೆಂದರೆ ಶಾಲೆಗೆ ಆ ಮಗು ಒಂದು ಅಂಕೆ ಮಾತ್ರ. ಸ್ವಾತಂತ್ರ್ಯ ದಿನಾಚರಣೆಗೆ ಕರೆ ಇಲ್ಲ, ವಾರ್ಷಿಕೋತ್ಸವಕ್ಕೆ ಆಮಂತ್ರಣ ಇಲ್ಲ, ಗುಂಪು ಫೋಟೋದಲ್ಲಿ ಮುಖ ಇಲ್ಲ. ಬಿಸಿಯೂಟದ ಸಾರಿನ ಪರಿಮಳ ಹೇಗಿರುತ್ತದೆ ಎಂದು ಆ ಮಗುವಿಗೆ ತಂಗಿ ಹೇಳಬೇಕು.

ಪ್ರತಿಭಾ ಕಾರಂಜಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಓಡುವುದಕ್ಕಿಂತ ಕುಳಿತು ಮಾಡುವ ಸ್ಪರ್ಧೆಗಳೇ ಹೆಚ್ಚು. ಕಥೆ ಹೇಳುವುದು, ಭಕ್ತಿಗೀತೆ, ಚಿತ್ರ ಬರೆಯುವುದು, ಮಣ್ಣಿನಲ್ಲಿ ಮಾದರಿ ಮಾಡುವುದು. ಕಾಲು ನಡೆಯದ ಮಗುವಿಗೆ ಬಾಯಿ ಇಲ್ಲವೇ? ಇಡೀ ದಿನ ಅಜ್ಜಿಯ ಪಕ್ಕದಲ್ಲೇ ಕುಳಿತ ಮಗುವಿಗೆ ಬರುವಷ್ಟು ಕಥೆ ಬೆಂಚಿನಲ್ಲಿ ಕುಳಿತವರಿಗೆ ಬರಲಿಕ್ಕಿಲ್ಲ ಮಾರಾಯ್ರೆ! ಶಾಲೆಯ ಕಪಾಟಿನಲ್ಲಿ ಬೀಗ ಹಾಕಿಟ್ಟ ಕಥೆ ಪುಸ್ತಕ ಎರಡು, ಅದೇ ಶಾಲೆಗೆ ಬರುವ ಅಣ್ಣನ ಕೈಯಲ್ಲಿ ಮನೆಗೆ ಹೋದರೆ ಯಾರ ಗಂಟು ಹೋಗುತ್ತದೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಓದಿದವರಿಗೆ ಗೊತ್ತು. ಪಾಠ ಮಾತ್ರವಲ್ಲ, ಆಟ, ಮನರಂಜನೆಗಳಲ್ಲೂ ಈ ಮಕ್ಕಳಿಗೆ ಉಳಿದವರ ಸಮಾನ ಅವಕಾಶ ಕೊಡಬೇಕು ಎಂದು ಅದರಲ್ಲಿ ಬರೆದಿದೆ. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಶಾಲೆ ಬೇಡವೆಂದು ಮನೆಯಲ್ಲೇ ಕಲಿಯುವ ಮಕ್ಕಳೂ 1996ರಿಂದ ಸರಕಾರಿ ಶಾಲೆಯ ತಂಡ ಸೇರಿ ಆಡಬಹುದು. ಅವರು ಶಾಲೆ ಬಿಟ್ಟು ಹೊರಗೆ ಉಳಿದವರು. ಇಲ್ಲಿನವರು ಶಾಲೆಯ ದಾಖಲೆಯ ಒಳಗೇ ಇರುವವರು. ಆದರೂ ಗೇಟು ಯಾರಿಗೆ ತೆರೆದಿದೆ ನೋಡಿ.

ಈ ಸೀಮೆಗೆ ಅಂಗವೈಕಲ್ಯದ ನೋವು ಹೊಸತಲ್ಲ. ಗೇರು ತೋಪಿಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಫಲವನ್ನು ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳು ಉಂಡಿವೆ. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರ ಮೇ 13ರಂದು. ಕೊಕ್ಕಡದಲ್ಲೂ ಕೊಯಿಲದಲ್ಲೂ ಹಗಲು ಪಾಲನಾ ಕೇಂದ್ರ ಬಂದದ್ದು ಸುಮ್ಮನೆ ಅಲ್ಲ, ಜನ ಬೀದಿಗಿಳಿದು ಕೇಳಿದ ಮೇಲೆ. ಕೇಳದಿದ್ದರೆ ಬರುವುದಿಲ್ಲ ಎಂಬುದು ಇಲ್ಲಿನವರಿಗೆ ಅನುಭವದ ಮಾತು.

2021ರ ಜೂನ್ ನೆನಪಿರಬಹುದು. ಶಾಲೆಗೆ ಬೀಗ, ಪಾಠ ಮೊಬೈಲಿನಲ್ಲಿ. ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆ ಬದಿ ಪಾಠ ಕೇಳುತ್ತಿದ್ದ ಮಗಳಿಗೆ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ದೇಶವೆಲ್ಲ ಸುತ್ತಿತು. ಶಾಲೆ ಇಲ್ಲದೆ ಮಕ್ಕಳು ಬಾಡಿದರು ಎಂದು ಊರಿಗೆ ಊರೇ ಮರುಗಿತು. ಶಾಲೆ ತೆರೆಯಿತು, ಮಕ್ಕಳು ಮರಳಿದರು. ಜಗಲಿಯ ಮಕ್ಕಳಿಗೆ ಮಾತ್ರ ಆ ಲಾಕ್‌ಡೌನ್ ಇನ್ನೂ ಮುಗಿದಿಲ್ಲ.

ಕಷ್ಟ ಇಲ್ಲವೆಂದಲ್ಲ. ಇರುವ ಮಕ್ಕಳಿಗೇ ಟೀಚರು ಸಾಲದು ಎಂಬುದು ಸುಳ್ಳಲ್ಲ. ಎಷ್ಟೋ ಮನೆಗಳಿಂದ ಡಾಂಬರು ರಸ್ತೆಗೆ ಬರಬೇಕಾದರೆ ತೋಟ ದಾಟಬೇಕು, ಕಾಲುಸಂಕ ದಾಟಬೇಕು. ಹತ್ತು ವರ್ಷದ ಮಗನನ್ನು ಎತ್ತಿಕೊಂಡು ಅಡಿಕೆ ಮರದ ಸಂಕದ ಮೇಲೆ ನಡೆಯುವ ತಾಯಿಗೆ ಯಾರೂ ಬುದ್ಧಿ ಹೇಳಬೇಕಾದ್ದಿಲ್ಲ. ಆಕೆಗೆ ಬೇಕಾದ್ದು ರಸ್ತೆಯ ಬದಿ ಒಂದು ರಿಕ್ಷಾ, ಶಾಲೆಯಲ್ಲಿ ಒಂದು ಇಳಿಜಾರು ದಾರಿ, ಗಾಲಿಕುರ್ಚಿ ಹಿಡಿಯುವಷ್ಟು ಅಗಲದ ಬಾಗಿಲಿರುವ ಪಾಯಿಖಾನೆ.

ದಿನಾ ಕರೆತನ್ನಿ ಎಂದು ಯಾರೂ ಹೇಳುತ್ತಿಲ್ಲ. ಶನಿವಾರ ಅರ್ಧ ದಿನದ ಶಾಲೆ. ವಾರಕ್ಕೊಂದು ಶನಿವಾರ ಬೇಡ, ತಿಂಗಳಿಗೆ ಎರಡಾದರೂ ಆಗಬಾರದೇ? ರಿಕ್ಷಾ ಬಾಡಿಗೆಗೆ ಹಣ ಎಲ್ಲಿಂದ ಎಂದು ಕೇಳುವವರು ಉಂಟು. ಕೋಡಿಂಬಾಳ ಈಗ ಕಡಬ ಪಟ್ಟಣ ಪಂಚಾಯತಿಯೊಳಗಿನ ಊರು. ಪಟ್ಟಣ ಪಂಚಾಯತಿ ತನ್ನ ಸ್ವಂತ ವರಮಾನದ ಶೇ. 5 ಭಾಗವನ್ನು ಅಂಗವಿಕಲರಿಗೆಂದು ತೆಗೆದಿಡಬೇಕೆಂಬುದು ಸರಕಾರದ ನಿಯಮ. ಪೇಟೆಯ ಅಂಗಡಿಯವರು ಕಟ್ಟುವ ಲೈಸನ್ಸ್ ಶುಲ್ಕದಲ್ಲಿ, ಕಟ್ಟಡ ತೆರಿಗೆಯಲ್ಲಿ ಆ ಪಾಲು ಇದ್ದೇ ಇದೆ. ತಿಂಗಳಿಗೆ ಎರಡು ಸಲದ ರಿಕ್ಷಾ ಬಾಡಿಗೆ ಅದರಲ್ಲಿ ಎಷ್ಟನೇ ಒಂದು ಪಾಲು?

ಶಾಲಾಭಿವೃದ್ಧಿ ಸಮಿತಿಯವರು ಮುಂದಿನ ಸಭೆಯಲ್ಲಿ ಹಾಜರಿ ಪುಸ್ತಕ ತರಿಸಿ ನೋಡಲಿ. ಗೃಹಾಧಾರಿತ ಎಂದು ಬರೆದ ಹೆಸರುಗಳನ್ನು ಗಟ್ಟಿಯಾಗಿ ಓದಿಸಲಿ. ಆ ಮನೆಗಳಿಗೆ ಇಬ್ಬರು ಸದಸ್ಯರು ನಡೆದು ಹೋಗಿ, ಶಾಲಾ ವಾರ್ಷಿಕೋತ್ಸವಕ್ಕೆ ಮಗುವನ್ನು ಯಾವ ದಾರಿಯಲ್ಲಿ ಕರೆತರಬಹುದು ಎಂದು ಕೇಳಿ ಬರಲಿ.