ಕಟ್ಟಿದವರು, ಕಟ್ಟಿಸಿದವರು



2022ರ ನವೆಂಬರ್ 11ರಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೆಂಪೇಗೌಡರ ಪ್ರತಿಮೆ ಅನಾವರಣವಾಯಿತು. 108 ಅಡಿ ಎತ್ತರ. 98 ಟನ್ ಕಂಚು, 120 ಟನ್ ಉಕ್ಕು. ಸುತ್ತ 23 ಎಕರೆಯ ಉದ್ಯಾನ. ಅದಕ್ಕೆಂದು ರಾಜ್ಯದ 22 ಸಾವಿರಕ್ಕೂ ಹೆಚ್ಚು ಕಡೆಯಿಂದ ಮಣ್ಣು ತರಿಸಿದರು. ‘ಪವಿತ್ರ ಮೃತ್ತಿಕೆ’ ಎಂದು ಹೆಸರಿಟ್ಟು ವಾಹನದಲ್ಲಿ ಮೆರೆಸಿದರು.

ಮಣ್ಣು ನಮಗೂ ಗೊತ್ತು. ಬಬಲೇಶ್ವರದ ಎರೆಮಣ್ಣು ಅಂಗಾಲಿನ ಬಿರುಕಿನಾಗ ತುಂಬಿಕೊಂಡೇ ಹಾಸ್ಟೆಲ್ಲಿಗೆ ಬಂದವರು ನಾವು. ಮಳೆ ಕೈಕೊಟ್ಟ ವರ್ಷ ನಮ್ಮ ಅವ್ವ ಅಪ್ಪ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅಲ್ಲಿ ಬುಟ್ಟಿಯಲ್ಲಿ ಹೊರುವುದೂ ಮಣ್ಣೇ. ಅದಕ್ಕೆ ಯಾರೂ ಪವಿತ್ರ ಅನ್ನಲಿಲ್ಲ. ಹೊತ್ತವರನ್ನು ಮೆರೆಸಲಿಲ್ಲ. ಅವರು ತಗಡಿನ ಶೆಡ್ಡಿನಾಗ ಮಲಗಿದರು. ಕಟ್ಟಡ ಮುಗಿದ ದಿನ ಶೆಡ್ಡನ್ನೂ ಕಿತ್ತರು.

ಪೇಪರಿನಲ್ಲಿ ಬಂದ ಪ್ರತಿಮೆಯ ಚಿತ್ರ ನೋಡಿ ಗಾರೆ ಕೆಲಸದ ನನ್ನ ಸೋದರಮಾವ ಕೇಳಿದ: “ಅಳಿಯಾ, ಇಷ್ಟೆತ್ತರಕ್ಕ ಸಾರುವೆ ಕಟ್ಟಿದವ ಯಾವ ಊರವನೋ? ಬರದಾರೇನು ನೋಡು, ನಿನಗ ಓದಾಕ ಬರತೈತಿ.” ನಾನು ಬಿ.ಎ. ಓದಿದವ. ಹುಡುಕಿದೆ. ಶಿಲ್ಪಿ ರಾಮ್ ಸುತಾರ್ ಹೆಸರಿತ್ತು. ಕತ್ತಿಯೊಂದೇ 4 ಟನ್ ತೂಕ ಅಂತ ಇತ್ತು. ಕತ್ತಿಗೆ ಲೆಕ್ಕ ಇತ್ತು, ಆಳಿಗೆ ಇರಲಿಲ್ಲ.

ಕೆಂಪೇಗೌಡರ ಮೇಲೆ ನಮಗೆ ಸಿಟ್ಟಿಲ್ಲ. 1537ರಲ್ಲಿ ಊರು ಕಟ್ಟಿಸಿದರು, ಕೆರೆ ಕಟ್ಟಿಸಿದರು. ನೀರು ಕೊಟ್ಟವರನ್ನು ನೆನೆಯಲೇಬೇಕು. ಆದರೆ ಕನ್ನಡದಾಗ ‘ಕಟ್ಟಿಸಿದರು’ ಬೇರೆ, ‘ಕಟ್ಟಿದರು’ ಬೇರೆ. ಶಾಲೆ ಮೆಟ್ಟಿಲು ಹತ್ತದ ನಮ್ಮ ಅವ್ವನಿಗೂ ಈ ವ್ಯಾಕರಣ ಗೊತ್ತು. ‘ಕೆಂಪೇಗೌಡರು ಕಟ್ಟಿದ ಬೆಂಗಳೂರು’ ಎಂದು ಭಾಷಣ ಬಿಗಿಯುವ ದೊಡ್ಡವರಿಗೆ ಗೊತ್ತಿಲ್ಲ! ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಬೀದಿ ಗುರುತಿಸಿದರು ಅಂತ ಕತೆ ಹೇಳುತ್ತಾರೆ. ಕತೆಯಲ್ಲಿ ಎತ್ತುಗಳು ಉಳಿದವು. ಎತ್ತಿಗೆ ಮಿಣಿ ಹೊಸೆದ ಮಾದಿಗ ಉಳಿಯಲಿಲ್ಲ.

ಕೆಂಪೇಗೌಡರದೆನ್ನುವ ಧರ್ಮಾಂಬುಧಿ ಕೆರೆಯೂ ಉಳಿಯಲಿಲ್ಲ. ಅದು ಬಸ್ ನಿಲ್ದಾಣವಾಯಿತು, ನಿಲ್ದಾಣಕ್ಕೆ ಅವರದೇ ಹೆಸರು. ಗುಳೆ ಹೋದ ನಮ್ಮವರು ಬಸ್ಸಿಳಿದು ಗಂಟು ಇಡುವುದು ಆ ಕೆರೆಯ ತಳದಲ್ಲೇ. ಹೆಸರು ಉಳಿಸುವುದು ಸುಲಭ. ನೀರು ಉಳಿಸುವುದು, ದುಡಿದವರನ್ನು ಉಳಿಸುವುದು ಕಷ್ಟ.

ನಮ್ಮ ತಪ್ಪೂ ಹೇಳಬೇಕು. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಬಾಬಾಸಾಹೇಬರು. ಅವರ ಪ್ರತಿಮೆಗೇ ಮಾಲೆ ಹಾಕಿ, ಅವರ ಪುಸ್ತಕ ತೆರೆಯದೆ ಮಲಗುವವರು ನಮ್ಮಲ್ಲಿ ಎಷ್ಟು ಮಂದಿ?

ಸರಕಾರದ ಹಣದಲ್ಲಿ ಏಳುವ ಪ್ರತಿ ಸ್ಮಾರಕದ ಬುಡದಲ್ಲಿ ದುಡಿದವರ ಹೆಸರು, ಊರು ಕೆತ್ತಬೇಕು. ಇದು ಭಿಕ್ಷೆಯಲ್ಲ, ಬಾಕಿ. ಅಲ್ಲಿಯವರೆಗೆ ಸುಮ್ಮನೆ ಕೂಡಬೇಡಿರಿ. ರಜೆಗೆ ಊರಿಗೆ ಹೋಗುವಾಗ ನೋಟುಬುಕ್ಕು ಒಯ್ಯಿರಿ. ಅವ್ವ, ಅಪ್ಪ, ಮಾವ ಎಲ್ಲೆಲ್ಲಿ ಏನೇನು ಕಟ್ಟಿದರು, ಕೇಳಿ ಬರೆಯಿರಿ. ತಂದು ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿರಿ. ನಮ್ಮ ಮೊದಲ ಫಲಕ ಅದೇ.

ಜೈ ಭೀಮ್.