ಊಹೆಯೆಂಬ ಮೊದಲ ಮೆಟ್ಟಿಲು

ವಿಜ್ಞಾನವೆಂದೊಡನೆ ಅಳತೆ, ಲೆಕ್ಕ, ನಿಖರತೆಗಳೇ ನಮ್ಮ ಕಣ್ಣ ಮುಂದೆ ಬರುತ್ತವೆ. ಊಹೆಗೆ ಅಲ್ಲಿ ಎಡೆಯಿಲ್ಲವೆಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ವಿದ್ಯಾರ್ಥಿಯೊಬ್ಬ ಅಂದಾಜಿನಿಂದ ಉತ್ತರಿಸಿದರೆ, ‘ಊಹಿಸಬೇಡ, ಗೊತ್ತಿದ್ದರೆ ಹೇಳು’ ಎಂದು ಗದರಿಸಿ ಕೂರಿಸುವುದು ನಮ್ಮ ತರಗತಿಗಳ ವಾಡಿಕೆ. ಈ ವಾಡಿಕೆಯನ್ನು ನಾವು ಬಿಡಬೇಕು. ಊಹೆಯಿಲ್ಲದೆ ವಿಜ್ಞಾನವೂ ಇಲ್ಲ, ಎಂಜಿನಿಯರಿಂಗ್ ವಿದ್ಯೆಯೂ ಇಲ್ಲ.

ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ಶಾಂತಿಸಾಗರವೆಂದೂ ಕರೆಯಲ್ಪಡುವ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೋಡಿದವರು, ಅಷ್ಟು ವಿಶಾಲವಾದ ಜಲರಾಶಿಗೆ ಇಷ್ಟು ಚಿಕ್ಕ ಏರಿ ಸಾಕಾಯಿತೆ ಎಂದು ಬೆರಗಾಗುತ್ತಾರೆ. ಹರಿದ್ರಾ ಹಳ್ಳವು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳುವ ಎಡೆಯನ್ನೇ ಆರಿಸಿ ಅಡ್ಡಗಟ್ಟಿದ್ದು ಇದರ ಮರ್ಮ. ಶತಮಾನಗಳ ಹಿಂದೆ ಆ ಕಣಿವೆಯಲ್ಲಿ ನಿಂತು, ‘ಇಲ್ಲಿ ತಡೆದರೆ ನೀರು ಎಲ್ಲಿಯವರೆಗೆ ನಿಂತೀತು?’ ಎಂದು ಮನಸ್ಸಿನಲ್ಲಿಯೇ ಕೆರೆಯನ್ನು ಕಂಡವರು ಇರಲೇಬೇಕು. ಅಳತೆಗೋಲು ಬಂದದ್ದು ಆ ಕಾಣ್ಕೆಯ ಬಳಿಕ. ಬರದ ಸೀಮೆಯಾದ ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಎತ್ತಿ ಹರಿಸುವ ಯೋಜನೆಗೂ ‘ಏಕಾಗಬಾರದು?’ ಎಂಬ ಪ್ರಶ್ನೆಯೇ ಬೀಜ.

ವಿಜ್ಞಾನದ ದಾರಿಯೂ ಇದೇ. ಕಡಲಿನ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೆಂದು ಹಿರಿಯ ವಿಜ್ಞಾನಿ ರ್‍ಯಾಲೆ ಹೇಳಿದ್ದರು. 1921ರ ಸಮುದ್ರಯಾನದಲ್ಲಿ ಸಿ.ವಿ. ರಾಮನ್ ಅವರಿಗೆ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿರಬಹುದೆಂಬ ಊಹೆ ಹೊಳೆಯಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ನಿಕೋಲ್ ಪಟ್ಟಕದ ಮೂಲಕ ಪ್ರತಿಫಲಿತ ಬೆಳಕನ್ನು ತಡೆದು ನೋಡಿದರು, ನೀಲಿ ಮಾಯವಾಗಲಿಲ್ಲ. ಆ ಊಹೆಯ ಬೆನ್ನು ಹತ್ತಿದ ಸಂಶೋಧನೆಯೇ 1928ರಲ್ಲಿ ರಾಮನ್ ಪರಿಣಾಮವಾಗಿ ಫಲಿಸಿತು.

ಹಾಗೆಂದು ಊಹೆಗಳೆಲ್ಲವೂ ಸಮಾನವಲ್ಲ. ಅಂಗೈಯ ಮೇಲಿನ ತೆಂಗಿನಕಾಯಿ ಎದ್ದು ನಿಂತ ಕಡೆ ಕೊಳವೆಬಾವಿ ಕೊರೆಸುವ ಪದ್ಧತಿ ನಮ್ಮ ಸೀಮೆಯಲ್ಲಿದೆ. ನೀರು ಬಂದರೆ ಕಾಯಿಯ ಮಹಿಮೆ, ಬಾರದಿದ್ದರೆ ರೈತನ ಹಣೆಬರಹ! ಭೂವಿಜ್ಞಾನಿಯೂ ಊಹಿಸುವವನೇ. ನೆಲದೊಳಕ್ಕೆ ವಿದ್ಯುತ್ತನ್ನು ಹರಿಸಿ, ಅದಕ್ಕೊದಗುವ ತಡೆಯನ್ನು ಅಳೆದು, ನೀರಿರುವ ಬಿರುಕುಗಳನ್ನು ಅಂದಾಜು ಮಾಡುತ್ತಾನೆ. ಅವನೂ ಸೋಲಬಹುದು, ಆದರೆ ಆ ಸೋಲು ದಾಖಲಾಗಿ ಮುಂದಿನ ಊಹೆಯನ್ನು ತಿದ್ದುತ್ತದೆ. ಸೋಲನ್ನು ಲೆಕ್ಕಕ್ಕೇ ಹಿಡಿಯದ ಊಹೆ ಜ್ಞಾನವಾಗಿ ಬೆಳೆಯದು. ಅದು ರೈತನ ತಲೆಯ ಮೇಲೆ ಸಾಲವಾಗಿ ಬೆಳೆಯುತ್ತದೆ.

ಈ ವಿವೇಕವನ್ನು ಕಲಿಸಬೇಕಾದ ಸ್ಥಳ ಶಾಲೆ. ನೂರು ಚದರ ಮೀಟರಿನ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆಯಾದರೆ ಎಷ್ಟು ಕೊಡ ನೀರಾದೀತೆಂದು ಜಗಳೂರಿನ ಮಕ್ಕಳು ಮೊದಲು ಊಹಿಸಿ ಬರೆಯಲಿ, ಆಮೇಲೆ ಗುಣಿಸಲಿ. ಬರುವ ಉತ್ತರ 1000 ಲೀಟರ್, ಎಂದರೆ ಅರವತ್ತಕ್ಕೂ ಹೆಚ್ಚು ಕೊಡ. ಹೊನ್ನಾಳಿಯ ಮಕ್ಕಳು ಸೇತುವೆಯ ಮೇಲಿನಿಂದ ಹೊಳೆಯ ವೇಗವನ್ನೂ, ನ್ಯಾಮತಿಯ ಮಕ್ಕಳು ಹೊಲದ ಮೆಕ್ಕೆಜೋಳದ ಇಳುವರಿಯನ್ನೂ ಹೀಗೆಯೇ ಊಹಿಸಿ ಅಳೆಯಲಿ. ತನ್ನ ಊಹೆಗೂ ವಾಸ್ತವಕ್ಕೂ ಇರುವ ಅಂತರವನ್ನು ಕಣ್ಣಾರೆ ಕಂಡ ಮಗು ಆ ಪಾಠವನ್ನು ಮರೆಯುವುದಿಲ್ಲ.

ಇದಕ್ಕೆ ಬೇಕಾದ ಸಲಕರಣೆ ಅತ್ಯಲ್ಪ. ದಾನಿಗಳೂ ಹಿರಿಯ ವಿದ್ಯಾರ್ಥಿಗಳೂ ಕಟ್ಟಡದೊಡನೆ ಒಂದು ಮಳೆಮಾಪಕವನ್ನೂ ಒಂದು ತಕ್ಕಡಿಯನ್ನೂ ಶಾಲೆಗೆ ಕೊಡಲಿ. ಅಧ್ಯಾಪಕರು, ‘ಊಹಿಸಬೇಡ’ ಎನ್ನುವ ಬದಲು, ‘ಊಹಿಸು, ಬಳಿಕ ಪರೀಕ್ಷಿಸು’ ಎನ್ನಲಿ. ನಾಳಿನ ಕೆರೆ ಕಟ್ಟುವವರು ಇಂದು ನಮ್ಮ ಬೆಂಚುಗಳ ಮೇಲೆ ಕುಳಿತಿದ್ದಾರೆ.